ಚೀಟಿ ಎತ್ತುವಾಗಲೇ ಅರ್ಧ ಮ್ಯಾಚು ಮುಗಿದಿರುತ್ತೆ!

ಸಾಲಿಗ್ರಾಮದ ಕಾಲೇಜು ತಂಡವೊಂದು ಬೆಳಗಿನ ಬಸ್ಸು ಹಿಡಿದು ಕೆ.ಆರ್. ನಗರದ ಮೇಲೆ ಮೈಸೂರಿಗೆ ಬಾಸ್ಕೆಟ್‌ಬಾಲ್ ಆಡಲು ಹೊರಟಿತು ಅಂತಿಟ್ಟುಕೊಳ್ಳಿ. ಹನ್ನೆರಡು ಹುಡುಗರು, ಒಬ್ಬ ಪಿ.ಟಿ. ಮೇಷ್ಟ್ರು, ಎರಡು ಚೆಂಡು. ಮೈದಾನಕ್ಕೆ ಹೋಗಿ ನೋಡಿದರೆ ಮೊದಲ ಮ್ಯಾಚೇ ಹೋದ ವರ್ಷದ ಚಾಂಪಿಯನ್ನರ ಎದುರು! ನಲವತ್ತು ನಿಮಿಷದ ಆಟ ಮುಗಿದರೆ ಹುಡುಗರ ವರ್ಷವೂ ಮುಗಿಯಿತು. ಮಧ್ಯಾಹ್ನದ ಬಸ್ಸಿಗೆ ವಾಪಸ್ಸು.

ಹಣೇಬರಹ ಎಂದು ಸುಮ್ಮನಾಗುವವರೇ ಹೆಚ್ಚು. ಆದರೆ ಇದರಲ್ಲಿ ಹಣೇಬರಹ ಅರ್ಧ, ಲೆಕ್ಕಾಚಾರ ಇನ್ನರ್ಧ. ಆ ಲೆಕ್ಕಕ್ಕೆ ಸೀಡಿಂಗ್ ಅನ್ನುತ್ತಾರೆ. ಪತ್ರಿಕೆಯವರ ಬಾಯಲ್ಲಿ ಅದು ಶ್ರೇಯಾಂಕ.

13 ತಂಡ ಬಂದಿವೆ ಅನ್ನಿ. ನಾಕೌಟ್ ನಡೆಯಬೇಕಾದರೆ 4, 8, 16 ಹೀಗೆ ದುಪ್ಪಟ್ಟಾಗುವ ಸಂಖ್ಯೆ ಬೇಕು. ಹದಿನಾರಕ್ಕೆ ಮೂರು ಕಮ್ಮಿ, ಆದ್ದರಿಂದ ಮೂರು ತಂಡಕ್ಕೆ ‘ಬೈ’. ಅವು ಮೊದಲ ಸುತ್ತು ಆಡದೆ ಎರಡನೆಯದಕ್ಕೆ ಹೋಗುತ್ತವೆ. ಮೊದಲ ಬೈ ಪಟ್ಟಿಯ ಕೆಳಭಾಗದ ಕೊನೆಯ ತಂಡಕ್ಕೆ, ಎರಡನೆಯದು ಮೇಲ್ಭಾಗದ ಮೊದಲ ತಂಡಕ್ಕೆ, ಮೂರನೆಯದು ಕೆಳಭಾಗದ ಮೊದಲ ತಂಡಕ್ಕೆ. ದೈಹಿಕ ಶಿಕ್ಷಣ ಓದಿದವರಿಗೆಲ್ಲ ಇದು ಬಾಯಿಪಾಠ. ಹೋದ ವರ್ಷ ಸೆಮಿಫೈನಲ್ ಮುಟ್ಟಿದ ನಾಲ್ಕು ತಂಡಗಳನ್ನು ಪಟ್ಟಿಯ ಮೇಲೆ, ಕೆಳಗೆ, ನಡುವೆ ದೂರದೂರ ಕೂರಿಸುತ್ತಾರೆ. ಮಿಕ್ಕವರಿಗೆ ಚೀಟಿ.

ಇದು ಮೋಸವಲ್ಲ. ದಸರಾ ಕುಸ್ತಿಯಲ್ಲಿ ಇಬ್ಬರು ಭಾರಿ ಪೈಲ್ವಾನರನ್ನು ಮೊದಲ ಜೋಡಿಗೇ ಬಿಟ್ಟರೆ ಸಂಜೆವರೆಗೆ ಕೂರೋರು ಯಾರು? ಆದರೆ ಕಾಲೇಜು ತಂಡ ಪೈಲ್ವಾನನಲ್ಲ. ಹೋದ ವರ್ಷ ಗೆಲ್ಲಿಸಿದ ಹುಡುಗರು ಡಿಗ್ರಿ ಮುಗಿಸಿ ಹೊರಟಿರುತ್ತಾರೆ. ಶ್ರೇಯಾಂಕ ಮಾತ್ರ ಕಾಲೇಜಿನ ಹೆಸರಿಗೆ ಅಂಟಿಕೊಂಡಿರುತ್ತೆ. ಇತ್ತ ಹಳ್ಳಿ ತಂಡ ಸೆಮಿಫೈನಲ್ ಮುಟ್ಟದೆ ಶ್ರೇಯಾಂಕವಿಲ್ಲ, ಶ್ರೇಯಾಂಕವಿಲ್ಲದೆ ಸೆಮಿಫೈನಲ್ ಕಷ್ಟ.

ಅಮೆರಿಕದ ಕಾಲೇಜು ಪಂದ್ಯಾವಳಿಯಲ್ಲಿ ಹೋದ ವರ್ಷದ ಮಾತೇ ಇಲ್ಲ. ಅಲ್ಲಿ 1985ರಲ್ಲಿ 64 ತಂಡಗಳಾದವು, 2011ರಲ್ಲಿ 68. ಅದೇ ವರ್ಷ ಯಾರು ಯಾರನ್ನು ಸೋಲಿಸಿದರು, ತಮ್ಮ ಅಂಗಳದಲ್ಲೋ ಪರಸ್ಥಳದಲ್ಲೋ ಎಂದೆಲ್ಲ ಸಮಿತಿ ತೂಗಿ ನೋಡಿ, ನಾಲ್ಕು ವಿಭಾಗದಲ್ಲಿ 1ರಿಂದ 16ರವರೆಗೆ ಸ್ಥಾನ ಕೊಡುತ್ತದೆ. 1ಕ್ಕೆ 16 ಎದುರಾಳಿ. ಪುರುಷರ ವಿಭಾಗದಲ್ಲಿ ಹದಿನಾರನೆಯವರು ಮೊದಲನೆಯವರನ್ನು ಕೆಡವಿದ್ದು 2018ರಲ್ಲಿ, ಮೇರಿಲ್ಯಾಂಡ್‌ನ ಬಾಲ್ಟಿಮೋರ್ ಕೌಂಟಿ ತಂಡ ವರ್ಜೀನಿಯಾವನ್ನು 74-54ರಿಂದ ಬಗ್ಗುಬಡಿದಾಗ. ಆಮೇಲೆ 2023ರಲ್ಲಿ ಫೇರ್ಲಿ ಡಿಕಿನ್ಸನ್ ತಂಡ ಪರ್ಡ್ಯೂವನ್ನು ಮಣಿಸಿತು.

ನಮ್ಮಲ್ಲಿ ಅದೇ ತಕ್ಕಡಿ ತರೋಣ ಅಂದರೆ ತೂಗೋದಕ್ಕೆ ಏನಿದೆ? ಅಲ್ಲಿನ ತಂಡ ಆ ಹೊತ್ತಿಗೆ ಮೂವತ್ತರಷ್ಟು ಮ್ಯಾಚು ಆಡಿರುತ್ತದೆ. ಹಳ್ಳಿ ತಂಡಕ್ಕೆ ಮೈಸೂರಿನ ಆ ಒಂದು ಮ್ಯಾಚೇ ವರ್ಷದ ಮೊದಲನೆಯದು, ಕೊನೆಯದೂ ಕೂಡ.

ಲೀಗ್ ಮಾಡಿದರೆ ಆದೀತು. 16 ತಂಡವನ್ನು ನಾಲ್ಕು ಗುಂಪು ಮಾಡಿದರೆ ಎಲ್ಲರಿಗೂ ಮೂರು ಮ್ಯಾಚು ಗ್ಯಾರಂಟಿ. ಗೆದ್ದರೆ 2 ಅಂಕ, ಸೋತರೂ 1. ಸಮ ಬಂದರೆ ತಮ್ಮತಮ್ಮೊಳಗೆ ಗೆದ್ದವರು ಮೇಲೆ. ಆದರೆ ನಾಕೌಟ್ 15 ಮ್ಯಾಚಿಗೆ ಮುಗಿಯುತ್ತೆ, ಇದಕ್ಕೆ ಸೆಮಿಫೈನಲ್, ಫೈನಲ್ ಸೇರಿ 27 ಬೇಕು. ರೆಫರಿ ಭತ್ಯೆ, ಊಟ, ವಸತಿ, ಪಾಠ ತಪ್ಪುವುದು ಬೇರೆ. ಖರ್ಚು ಯಾರದು ಅಂದಾಗ ಮಾತು ಅಲ್ಲಿಗೇ ನಿಲ್ಲುತ್ತೆ.

ಇಷ್ಟಕ್ಕೆ ಯಾಕೆ ತಲೆಬಿಸಿ ಅನ್ನಬೇಡಿ. ಅಂತರ ಕಾಲೇಜು ಆಟದಲ್ಲಿ ಕಣ್ಣಿಗೆ ಬಿದ್ದವನಿಗೇ ವಿಶ್ವವಿದ್ಯಾನಿಲಯ ತಂಡದ ಬಾಗಿಲು. ಅಲ್ಲಿಂದ ದಕ್ಷಿಣ ವಲಯ, ಆಮೇಲೆ ಅಖಿಲ ಭಾರತ. ಕ್ರೀಡಾ ಕೋಟಾದ ಅರ್ಜಿ ತುಂಬುವಾಗ ಬೇಕಾಗುವ ಸರ್ಟಿಫಿಕೇಟು ಇದೇ ದಾರಿಯಲ್ಲಿ ಸಿಗುವಂಥದು. ಸಾಲಿಗ್ರಾಮದ ಹುಡುಗ ಎಷ್ಟೇ ಚೆನ್ನಾಗಿ ಬಾಸ್ಕೆಟ್ ಹಾಕಲಿ, ಆಯ್ಕೆಗಾರರು ಅವನನ್ನು ನೋಡುವುದು ಚಾಂಪಿಯನ್ನರ ಕೈಯಲ್ಲಿ ಸಿಕ್ಕಿ ಒದ್ದಾಡುವ ಆ ನಲವತ್ತು ನಿಮಿಷ ಮಾತ್ರ. ಅದೂ ಬೆಳಗಿನ ಬಸ್ಸು ಸರಿಯಾದ ಹೊತ್ತಿಗೆ ಬಂದಿದ್ದರೆ.