ಪರೀಕ್ಷಾ ಆತಂಕದ ಪ್ರಶ್ನಾವಳಿಗಳು: ವಿಶ್ವಸನೀಯತೆ ಮತ್ತು ಸಿಂಧುತ್ವದ ಪರಿಶೀಲನೆ

ಪ್ರಸ್ತಾವನೆ

ಉದ್ದವನ್ನು ಅಳೆಯಲು ಮೊಳಕೋಲು, ತೂಕವನ್ನು ಅಳೆಯಲು ತಕ್ಕಡಿ ಇರುವಂತೆ ಮನಸ್ಸಿನ ಸ್ಥಿತಿಯನ್ನು ಅಳೆಯಲು ನೇರವಾದ ಸಾಧನವಿಲ್ಲ. ವಿದ್ಯಾರ್ಥಿಯೊಬ್ಬನ ಆತಂಕ, ಆಸಕ್ತಿ ಅಥವಾ ಆತ್ಮವಿಶ್ವಾಸವನ್ನು ಅವನು ಕೆಲವು ಹೇಳಿಕೆಗಳಿಗೆ ನೀಡುವ ಉತ್ತರಗಳಿಂದ ಊಹಿಸಬೇಕಾಗುತ್ತದೆ. ಆದುದರಿಂದ ಮನೋವೈಜ್ಞಾನಿಕ ಪ್ರಶ್ನಾವಳಿಯನ್ನು ಬಳಸುವವರು ಎರಡು ಮೂಲಭೂತ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕಾಗುತ್ತದೆ. ಈ ಸಾಧನವು ಸ್ಥಿರವಾಗಿ ಅಳೆಯುತ್ತದೆಯೇ? ಅಳೆಯಬೇಕಾದುದನ್ನೇ ಅಳೆಯುತ್ತದೆಯೇ? ಮೊದಲನೆಯದು ವಿಶ್ವಸನೀಯತೆಯ ಪ್ರಶ್ನೆ. ಎರಡನೆಯದು ಸಿಂಧುತ್ವದ ಪ್ರಶ್ನೆ. ಪ್ರತಿದಿನವೂ ಐದು ನಿಮಿಷ ಮುಂದಿರುವ ಗಡಿಯಾರ ಸ್ಥಿರವಾದುದು, ಆದರೆ ಸರಿಯಾದುದಲ್ಲ. ಇವೆರಡರ ಅಂತರವನ್ನು ಈ ನಿದರ್ಶನವೇ ಸ್ಪಷ್ಟಪಡಿಸುತ್ತದೆ.

ಈ ಪ್ರಶ್ನೆಗಳನ್ನು ಪರೀಕ್ಷಾ ಆತಂಕದ ಪ್ರಶ್ನಾವಳಿಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಪರೀಕ್ಷೆಗಳು ಭವಿಷ್ಯವನ್ನೇ ನಿರ್ಧರಿಸುತ್ತವೆ ಎಂಬ ಭಾವನೆ ಬೇರೂರಿರುವ ಕರ್ನಾಟಕದಲ್ಲಿ ಈ ವಿಷಯವು ಕೇವಲ ಸಂಖ್ಯಾಶಾಸ್ತ್ರಕ್ಕೆ ಸೇರಿದುದಲ್ಲ. ದೋಷಯುಕ್ತ ಪ್ರಶ್ನಾವಳಿಯು ನೆರವು ಬೇಕಾದ ಮಗುವನ್ನು ಕೈಬಿಡಬಹುದು. ನೆರವು ಬೇಡವಾದ ಮಗುವಿಗೆ ಅನಗತ್ಯ ಹಣೆಪಟ್ಟಿಯನ್ನು ಅಂಟಿಸಬಹುದು.

ಹಿನ್ನೆಲೆ

ಮನೋಮಾಪನದ ಗಣಿತಕ್ಕೆ ತಳಹದಿ ಹಾಕಿದವರಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಪ್ರಮುಖರು. ಮಾಪನದ ದೋಷವು ಎರಡು ಗುಣಗಳ ನಡುವಿನ ಸಹಸಂಬಂಧವನ್ನು ಕುಗ್ಗಿಸಿ ತೋರಿಸುತ್ತದೆ ಎಂಬುದನ್ನು ಅವರು 1904ರಲ್ಲಿ ನಿರೂಪಿಸಿದರು. ಅವರ ಶಿಷ್ಯರಾದ ಎಂ. ವಿ. ಗೋಪಾಲಸ್ವಾಮಿ ಅವರ ನೇತೃತ್ವದಲ್ಲಿ 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನೋವಿಜ್ಞಾನ ವಿಭಾಗ ಆರಂಭವಾಯಿತು. ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ವಿ. ವಿ. ಕಾಮತ್ ಅವರು ಬಿನೆ ಬುದ್ಧಿಮಾಪನಿಯನ್ನು ಪರಿಷ್ಕರಿಸಿ 1934ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಒಂದು ಭಾಷೆಯ ಸಾಧನವನ್ನು ಮತ್ತೊಂದು ಭಾಷೆಗೆ ತರುವಾಗ ಅನುವಾದವಷ್ಟೇ ಸಾಲದು, ಆ ಭಾಷೆಯ ಮಕ್ಕಳ ಮೇಲೆಯೇ ಪ್ರಯೋಗಿಸಿ ಪ್ರಮಾಣೀಕರಿಸಬೇಕು ಎಂಬ ಪಾಠವನ್ನು ಈ ಕಾರ್ಯ ಕಲಿಸುತ್ತದೆ.

ಪರೀಕ್ಷಾ ಆತಂಕವನ್ನು ಅಳೆಯುವ ಪ್ರಶ್ನಾವಳಿಯನ್ನು ಮ್ಯಾಂಡ್ಲರ್ ಮತ್ತು ಸರಾಸನ್ 1952ರಲ್ಲಿ ಮುಂದಿಟ್ಟರು. ಈ ಆತಂಕದಲ್ಲಿ ಎರಡು ಘಟಕಗಳಿವೆ ಎಂದು ಲೀಬರ್ಟ್ ಮತ್ತು ಮಾರಿಸ್ 1967ರಲ್ಲಿ ಪ್ರತಿಪಾದಿಸಿದರು. 'ಅನುತ್ತೀರ್ಣನಾದರೆ ಗತಿಯೇನು' ಎಂಬ ಬಗೆಯ ಚಿಂತೆ ಒಂದು. ಎದೆಬಡಿತ, ಬೆವರುವಿಕೆ, ಕೈನಡುಕ ಮೊದಲಾದ ಭಾವೋದ್ವೇಗ ಇನ್ನೊಂದು. ಸ್ಪೀಲ್‌ಬರ್ಗರ್ 1980ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ 20 ಹೇಳಿಕೆಗಳಿದ್ದು, ಅವುಗಳಲ್ಲಿ 8 ಚಿಂತೆಗೂ 8 ಭಾವೋದ್ವೇಗಕ್ಕೂ ಮೀಸಲಾಗಿವೆ. ಪ್ರತಿ ಹೇಳಿಕೆಗೂ 1ರಿಂದ 4ರವರೆಗೆ ಅಂಕಗಳಿರುವುದರಿಂದ ಒಟ್ಟು ಪ್ರಾಪ್ತಾಂಕ 20ರಿಂದ 80ರ ವರೆಗೆ ಇರುತ್ತದೆ.

ವಿಶ್ವಸನೀಯತೆಯನ್ನು ಕಂಡುಹಿಡಿಯುವ ವಿಧಾನಗಳು

ಮೊದಲನೆಯದು ಮರುಪರೀಕ್ಷಾ ವಿಧಾನ. ಅದೇ ವಿದ್ಯಾರ್ಥಿಗಳಿಗೆ ಅದೇ ಪ್ರಶ್ನಾವಳಿಯನ್ನು ಕೆಲವು ವಾರಗಳ ನಂತರ ಮತ್ತೆ ನೀಡಿ, ಎರಡು ಸಲದ ಪ್ರಾಪ್ತಾಂಕಗಳ ಸಹಸಂಬಂಧವನ್ನು ಲೆಕ್ಕಹಾಕಲಾಗುತ್ತದೆ. ಅವಧಿ ತೀರ ಕಡಿಮೆಯಾದರೆ ನೆನಪು ಅಡ್ಡಬರುತ್ತದೆ. ತೀರ ಹೆಚ್ಚಾದರೆ ವಿದ್ಯಾರ್ಥಿಯೇ ಬದಲಾಗಿರುತ್ತಾನೆ. ಪರೀಕ್ಷಾ ಆತಂಕದಲ್ಲಿ ಇನ್ನೊಂದು ತೊಡಕಿದೆ. ಮೊದಲ ಸಲ ಪರೀಕ್ಷೆಯ ಹಿಂದಿನ ದಿನವೂ ಎರಡನೆಯ ಸಲ ರಜೆ ಮುಗಿದ ಮೇಲೂ ಪ್ರಶ್ನಾವಳಿ ನೀಡಿದರೆ ಗುಣಾಂಕ ಕಡಿಮೆಯಾಗುವುದು ಸಹಜ. ಇಲ್ಲಿ ಬದಲಾದುದು ಅಳೆಯಲ್ಪಟ್ಟ ಸ್ಥಿತಿಯೇ ಹೊರತು ಸಾಧನವು ಕೆಟ್ಟಿದೆಯೆಂದು ತೀರ್ಮಾನಿಸಲಾಗದು.

ಎರಡನೆಯದು ಅರ್ಧ ವಿಭಜನಾ ವಿಧಾನ. ಹೇಳಿಕೆಗಳನ್ನು ಸಮ ಮತ್ತು ಬೆಸ ಸಂಖ್ಯೆಗಳಾಗಿ ವಿಂಗಡಿಸಿ, ಎರಡು ಭಾಗಗಳ ಸಹಸಂಬಂಧವನ್ನು ಪಡೆಯಲಾಗುತ್ತದೆ. ಇದು ಅರ್ಧ ಉದ್ದದ ಪ್ರಶ್ನಾವಳಿಯ ಗುಣಾಂಕವಾದುದರಿಂದ 1910ರ ಸ್ಪಿಯರ್‌ಮನ್–ಬ್ರೌನ್ ಸೂತ್ರದಿಂದ ಸರಿಪಡಿಸಬೇಕು. ಭಾಗಗಳ ಸಹಸಂಬಂಧ 0.70 ಆಗಿದ್ದರೆ ಪೂರ್ಣ ಪ್ರಶ್ನಾವಳಿಯ ವಿಶ್ವಸನೀಯತೆ 1.40ನ್ನು 1.70ರಿಂದ ಭಾಗಿಸಿದಾಗ ದೊರೆಯುವ 0.82.

ಮೂರನೆಯದು ಆಂತರಿಕ ಸುಸಂಗತತೆ. ಸರಿ–ತಪ್ಪು ಬಗೆಯ ಉತ್ತರಗಳಿಗೆ ಕ್ಯೂಡರ್ ಮತ್ತು ರಿಚರ್ಡ್‌ಸನ್ 1937ರಲ್ಲಿ ಸೂತ್ರ ನೀಡಿದರು. ಶ್ರೇಣೀಕೃತ ಉತ್ತರಗಳಿಗೂ ಅನ್ವಯಿಸುವ ಆಲ್ಫಾ ಗುಣಾಂಕವನ್ನು ಕ್ರಾನ್‌ಬಾಕ್ 1951ರ ಲೇಖನದಲ್ಲಿ ವಿವರಿಸಿದರು. ಇದು ಸಂಶೋಧನಾ ಪ್ರಬಂಧಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಗುಣಾಂಕ. ಅತಿ ಹೆಚ್ಚು ಅಪಾರ್ಥಕ್ಕೆ ಒಳಗಾದುದೂ ಹೌದು. ಹೇಳಿಕೆಗಳ ಪರಸ್ಪರ ಸಹಸಂಬಂಧದ ಸರಾಸರಿ ಕೇವಲ 0.20 ಇದ್ದರೂ, ಸಮಾನ ಪ್ರಸರಣವುಳ್ಳ 10 ಹೇಳಿಕೆಗಳಿಂದ 0.71, 20ರಿಂದ 0.83, 40ರಿಂದ 0.91 ಆಲ್ಫಾ ದೊರೆಯುತ್ತದೆ. ಅಂದರೆ ಪ್ರಶ್ನಾವಳಿ ಉದ್ದವಾದಷ್ಟೂ ಗುಣಾಂಕ ಏರುತ್ತದೆ. ಆದುದರಿಂದ ಆಲ್ಫಾ ಹೆಚ್ಚಿದ ಮಾತ್ರಕ್ಕೆ ಎಲ್ಲ ಹೇಳಿಕೆಗಳೂ ಒಂದೇ ಗುಣವನ್ನು ಅಳೆಯುತ್ತವೆ ಎಂದು ಭಾವಿಸುವುದು ತಪ್ಪು. ಅದಕ್ಕೆ ಘಟಕ ವಿಶ್ಲೇಷಣೆ ಬೇಕು.

ಗುಣಾಂಕದಿಂದ ವ್ಯಕ್ತಿಯೆಡೆಗೆ

ವಿಶ್ವಸನೀಯತೆಯ ಗುಣಾಂಕವು ಒಂದು ಸಮೂಹವನ್ನು ಕುರಿತದ್ದು. ಆಪ್ತಸಮಾಲೋಚಕನ ಎದುರು ಕುಳಿತಿರುವುದು ಒಬ್ಬ ವಿದ್ಯಾರ್ಥಿ. ಇವೆರಡಕ್ಕೂ ಸೇತುವೆಯಾಗಿರುವುದು ಮಾಪನದ ಮಾನಕ ದೋಷ. ಒಂದು ಕಾಲ್ಪನಿಕ ನಿದರ್ಶನವನ್ನು ನೋಡಬಹುದು. ಪ್ರಶ್ನಾವಳಿಯ ಮಾನಕ ವಿಚಲನೆ 10, ವಿಶ್ವಸನೀಯತೆ 0.84 ಎಂದಿರಲಿ. 1ರಿಂದ 0.84ನ್ನು ಕಳೆದು ಬರುವ 0.16ರ ವರ್ಗಮೂಲ 0.4. ಅದನ್ನು 10ರಿಂದ ಗುಣಿಸಿದರೆ ದೋಷದ ಪ್ರಮಾಣ 4. ಹೀಗಾಗಿ 52 ಅಂಕ ಪಡೆದ ವಿದ್ಯಾರ್ಥಿನಿಯ ನೈಜ ಪ್ರಾಪ್ತಾಂಕವು ಸರಿಸುಮಾರು 44ರಿಂದ 60ರ ನಡುವೆ ಇರಬಹುದೆಂದು ಶೇಕಡಾ 95ರ ಮಟ್ಟದಲ್ಲಿ ಅಂದಾಜಿಸಬೇಕಾಗುತ್ತದೆ. ಶಾಲೆಯು 55ನ್ನು ಗಡಿಯಾಗಿ ಇರಿಸಿಕೊಂಡಿದ್ದರೆ, 56 ಪಡೆದವನನ್ನು 'ಆತಂಕಗ್ರಸ್ತ'ನೆಂದೂ 52 ಪಡೆದವಳನ್ನು 'ಸಾಮಾನ್ಯ'ಳೆಂದೂ ವಿಂಗಡಿಸಲು ಈ ಸಾಧನಕ್ಕೆ ಶಕ್ತಿ ಸಾಲದು. 0.84 ಸಂಶೋಧನೆಗೆ ಉತ್ತಮ ಗುಣಾಂಕವೇ. ಒಬ್ಬ ವ್ಯಕ್ತಿಯ ಕುರಿತ ತೀರ್ಪಿಗೆ ಅದೊಂದೇ ಆಧಾರವಾಗಲಾರದು.

ಸಿಂಧುತ್ವದ ಆಧಾರಗಳು

ಸಿಂಧುತ್ವವನ್ನು ಸಾಂಪ್ರದಾಯಿಕವಾಗಿ ವಿಷಯ ಸಿಂಧುತ್ವ, ಮಾನದಂಡ ಸಿಂಧುತ್ವ ಮತ್ತು ರಚನಾ ಸಿಂಧುತ್ವ ಎಂದು ವರ್ಗೀಕರಿಸಲಾಗಿದೆ. ಹೇಳಿಕೆಗಳು ಚಿಂತೆ ಹಾಗೂ ಭಾವೋದ್ವೇಗಗಳೆರಡನ್ನೂ ಒಳಗೊಂಡಿವೆಯೇ ಎಂದು ತಜ್ಞರು ಪರಿಶೀಲಿಸುವುದು ಮೊದಲನೆಯದು. ತಜ್ಞರ ಸಹಮತವನ್ನು ಅಂಕಿಗಳಲ್ಲಿ ಹೇಳುವ ಕ್ರಮವನ್ನು ಲಾಷೆ 1975ರಲ್ಲಿ ಸೂಚಿಸಿದರು.

ಮಾನದಂಡ ಸಿಂಧುತ್ವದಲ್ಲಿ ಪ್ರಾಪ್ತಾಂಕವನ್ನು ಹೊರಗಿನ ಅಳತೆಯೊಂದಿಗೆ ಹೋಲಿಸಲಾಗುತ್ತದೆ. ಪರೀಕ್ಷಾ ಆತಂಕ ಹೆಚ್ಚಿದಂತೆ ಸಾಧನೆ ಕುಗ್ಗುವ ಪ್ರವೃತ್ತಿಯನ್ನು 562 ಅಧ್ಯಯನಗಳನ್ನು ಕ್ರೋಡೀಕರಿಸಿದ ಹೆಂಬ್ರೀ ಅವರ 1988ರ ಸಮೀಕ್ಷೆ ದಾಖಲಿಸಿದೆ. ಆದರೂ ಅಂಕಪಟ್ಟಿಯನ್ನೇ ಅಂತಿಮ ಮಾನದಂಡವಾಗಿಸುವಂತಿಲ್ಲ. ಸರಿಯಾಗಿ ಓದದ ವಿದ್ಯಾರ್ಥಿಗೂ ಆತಂಕವಾಗುತ್ತದೆ. ಅವನ ಅಂಕ ಕಡಿಮೆಯಾದುದಕ್ಕೆ ಆತಂಕವು ಕಾರಣವೋ ಅಥವಾ ಸಿದ್ಧತೆಯ ಕೊರತೆಯೋ ಎಂಬುದನ್ನು ಸಹಸಂಬಂಧ ಗುಣಾಂಕವು ಹೇಳಲಾರದು.

ಈ ಮಿತಿಯಿಂದಾಗಿಯೇ ರಚನಾ ಸಿಂಧುತ್ವಕ್ಕೆ ಪ್ರಾಮುಖ್ಯ ಬಂದಿದೆ. ಕ್ರಾನ್‌ಬಾಕ್ ಮತ್ತು ಮೀಲ್ 1955ರಲ್ಲಿ ಇದನ್ನು ಪ್ರತಿಪಾದಿಸಿದರು. ಕ್ಯಾಂಬೆಲ್ ಮತ್ತು ಫಿಸ್ಕ್ 1959ರಲ್ಲಿ ಒಮ್ಮುಖ ಹಾಗೂ ಭೇದಕ ಸಿಂಧುತ್ವಗಳನ್ನು ವಿವರಿಸಿದರು. ಹೊಸ ಪ್ರಶ್ನಾವಳಿಯ ಪ್ರಾಪ್ತಾಂಕವು ಅದೇ ಗುಣದ ಬೇರೆ ಅಳತೆಗಳೊಂದಿಗೆ ಹೆಚ್ಚು ಹೊಂದಬೇಕು. ಸಾಮಾನ್ಯ ಆತಂಕ, ನಾಚಿಕೆ ಮುಂತಾದ ನೆರೆಯ ಗುಣಗಳೊಂದಿಗೆ ಅಷ್ಟಾಗಿ ಹೊಂದಬಾರದು. ಸಿಂಧುತ್ವವು ಪ್ರಶ್ನಾವಳಿಗೆ ಅಂಟಿದ ಶಾಶ್ವತ ಗುಣವಲ್ಲ, ಪ್ರಾಪ್ತಾಂಕದಿಂದ ಮಾಡುವ ಅರ್ಥೈಸುವಿಕೆಗೆ ಇರುವ ಆಧಾರ ಎಂಬ ಏಕೀಕೃತ ನಿಲುವನ್ನು ಮೆಸಿಕ್ 1989ರಲ್ಲಿ ಮಂಡಿಸಿದರು. ಇಂದಿನ ಮನೋಮಾಪನವು ಬಹುಮಟ್ಟಿಗೆ ಈ ನಿಲುವನ್ನು ಅಂಗೀಕರಿಸಿದೆ.

ಕನ್ನಡ ರೂಪಾಂತರದ ಸಮಸ್ಯೆಗಳು

ಇಂಗ್ಲಿಷಿನಲ್ಲಿ ಕಳವಳವನ್ನು ಹೊಟ್ಟೆಯಲ್ಲಿ ಚಿಟ್ಟೆಗಳು ಹಾರಾಡಿದಂತೆ ಎಂದು ಹೇಳುವುದುಂಟು. ಇದನ್ನು ಪದಶಃ ಅನುವಾದಿಸಿದರೆ ಕನ್ನಡದ ಮಗುವಿಗೆ ನಗು ಬಂದೀತು. 'ಎದೆ ಡವಗುಟ್ಟುತ್ತದೆ' ಎಂದರೆ ಅರ್ಥವಾದೀತು. ಬ್ರಿಸ್ಲಿನ್ 1970ರಲ್ಲಿ ವಿವರಿಸಿದ ಮರುಅನುವಾದ ಕ್ರಮವು ಅರ್ಥದ ವ್ಯತ್ಯಾಸವನ್ನು ಪತ್ತೆಹಚ್ಚಲು ನೆರವಾಗುತ್ತದೆ. ಆದರೆ ಪದಶಃ ಅನುವಾದವು ಸುಲಭವಾಗಿ ಮೂಲಕ್ಕೆ ಮರಳುವುದರಿಂದ, ಅಸಹಜವಾದ ಕನ್ನಡವು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವ ಅಪಾಯವೂ ಇದೆ. ನಿಷೇಧಾರ್ಥಕ ಹೇಳಿಕೆಗಳು ಮತ್ತೊಂದು ತೊಡಕು. 'ಪರೀಕ್ಷೆಯೆಂದರೆ ನನಗೆ ಭಯವಾಗುವುದಿಲ್ಲ' ಎಂಬುದಕ್ಕೆ 'ಎಂದಿಗೂ ಇಲ್ಲ' ಎಂದು ಗುರುತಿಸುವ ವಿದ್ಯಾರ್ಥಿಯು ಭಯವನ್ನು ಒಪ್ಪುತ್ತಿದ್ದಾನೆಯೋ ಅಲ್ಲಗಳೆಯುತ್ತಿದ್ದಾನೆಯೋ ತಿಳಿಯದು. ಅಂಜಿಕೆ, ಹೆದರಿಕೆ, ಗಾಬರಿ, ದಿಗಿಲು ಎಂಬ ಪದಗಳ ಬಳಕೆಯೂ ತೀವ್ರತೆಯೂ ಪ್ರದೇಶದಿಂದ ಪ್ರದೇಶಕ್ಕೆ ಭಿನ್ನ. ಕಲಬುರಗಿಯ ಮತ್ತು ಮಂಡ್ಯದ ವಿದ್ಯಾರ್ಥಿಗಳ ಸರಾಸರಿಗಳನ್ನು ಹೋಲಿಸುವ ಮೊದಲು, ಹೇಳಿಕೆಗಳು ಎರಡು ಕಡೆಯೂ ಒಂದೇ ರೀತಿ ಕಾರ್ಯನಿರ್ವಹಿಸುತ್ತವೆಯೇ ಎಂದು ಪರೀಕ್ಷಿಸುವುದು ಅವಶ್ಯಕ. ಉತ್ತರಿಸುವಾಗ ತರಗತಿಯ ಶಿಕ್ಷಕರು ಪಕ್ಕದಲ್ಲೇ ನಿಂತಿದ್ದರೆ ಮಗು ಮೆಚ್ಚುಗೆಯ ಉತ್ತರವನ್ನು ಆರಿಸಿಕೊಳ್ಳುವ ಸಂಭವವಿರುವುದನ್ನೂ ಗಮನಿಸಬೇಕು.

ಉಪಸಂಹಾರ

ಪ್ರಕಟಿತ ಕೈಪಿಡಿಯೊಂದರ ಗುಣಾಂಕವನ್ನು ಉಲ್ಲೇಖಿಸಿ 'ಸಾಧನವು ವಿಶ್ವಸನೀಯವೂ ಸಿಂಧುವೂ ಆಗಿದೆ' ಎಂದು ಒಂದು ವಾಕ್ಯದಲ್ಲಿ ಮುಗಿಸುವುದು ಸಂಶೋಧನೆಯ ಕ್ರಮವಲ್ಲ. ಗುಣಾಂಕಗಳು ಆಯಾ ಸಮೂಹಕ್ಕೆ ಸೇರಿದವು. ಸಮೂಹ ಬದಲಾದಾಗ ಹೊಸದಾಗಿ ಲೆಕ್ಕಹಾಕಬೇಕಾಗುತ್ತದೆ. ಮಾನಕ ದೋಷವನ್ನು ಪ್ರಾಪ್ತಾಂಕದ ಜೊತೆಯಲ್ಲೇ ವರದಿ ಮಾಡುವುದು, ಗಡಿಯ ಸಮೀಪವಿರುವ ವಿದ್ಯಾರ್ಥಿಗಳನ್ನು ಸಂದರ್ಶಿಸಿ ತೀರ್ಮಾನಿಸುವುದು, ಕನ್ನಡ ರೂಪವನ್ನು ಕನ್ನಡದ ಮಕ್ಕಳ ಮೇಲೆಯೇ ಪ್ರಮಾಣೀಕರಿಸುವುದು ಇಲ್ಲಿ ಅನಿವಾರ್ಯ. ಮಗುವಿನ ಮನಸ್ಸನ್ನು ಅಳೆಯಹೊರಟವರು ಮೊದಲು ತಮ್ಮ ಅಳತೆಗೋಲನ್ನು ಅಳೆದುಕೊಳ್ಳಬೇಕಾಗುತ್ತದೆ.