ಗಣಿಯೊಳಗಣ ಯಂತ್ರಗಳಿಗೆ ದೀಪದ ಆಯ್ಕೆ

ಚೆನ್ನೈಯಿಂದ ಬೆಂಗಳೂರಿಗೆ ಹೋಗುವ ರೈಲುಮಾರ್ಗವು ಬಂಗಾರಪೇಟೆಯಲ್ಲಿ ಕವಲೊಡೆದು ಕೋಲಾರದ ಚಿನ್ನದ ಗಣಿಗಳತ್ತ ಸಾಗುತ್ತದೆ. ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ಮೊದಲು ಹರಿದುದು ಈ ಗಣಿಗಳಿಗೆ. ಬೆಂಗಳೂರಿನ ಬೀದಿಗಳು ಅದರಿಂದ ಬೆಳಗಿದುದು 1905ರಲ್ಲಿ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದುವು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಭೂಗರ್ಭದ ಕೆಲಸ ನಡೆದೇ ಇದೆ. ಅದಿರನ್ನು ಬಾಚಿ ಸಾಗಿಸುವ ಯಂತ್ರವು ಇಕ್ಕಟ್ಟಾದ ಸುರಂಗದಲ್ಲಿ ಚಲಿಸುವಾಗ ಪಕ್ಕದಲ್ಲಿ ನಿಂತ ಕೆಲಸಗಾರನೂ, ಮೇಲೆ ಸಡಿಲಗೊಂಡ ಬಂಡೆಯೂ ಚಾಲಕನಿಗೆ ಕಾಣಬೇಕು. ಆದುದರಿಂದ ಅದರ ದೀಪವನ್ನು ಬೆಳಕಿನ ಪ್ರಮಾಣವೊಂದರಿಂದಲೇ ಆರಿಸಲಾಗದು.

ಮೊದಲು ವಿಚಾರಿಸತಕ್ಕುದು ಅನಿಲವನ್ನು. ಕಲ್ಲಿದ್ದಲ ಗಣಿಗಳಲ್ಲಿ ಹೊರಡುವ ಮೀಥೇನ್ ಗಾಳಿಯಲ್ಲಿ ಸುಮಾರು ಶೇಕಡ 5ರಿಂದ 15ರವರೆಗೆ ಬೆರೆತಾಗ ಒಂದು ಕಿಡಿಯಿಂದಲೇ ಸ್ಫೋಟಿಸಬಲ್ಲುದು. ಹಂಫ್ರಿ ಡೇವಿ 1815ರಲ್ಲಿ ಜ್ವಾಲೆಗೆ ತಂತಿಬಲೆ ಹೊದಿಸಿದುದು ಈ ಅಪಾಯವನ್ನು ತಡೆಯಲೆಂದೇ. ಅಂಥ ಗಣಿಗೆ ಸ್ಫೋಟನಿರೋಧಕವೆಂದು ಪ್ರಮಾಣಪತ್ರ ಪಡೆದ ದೀಪವೇ ಬೇಕು. ಇಲ್ಲಿ ಬೆಲೆಯ ಚೌಕಾಸಿಗೆ ಎಡೆಯಿಲ್ಲ.

ಎರಡನೆಯದು ಅದುರುವಿಕೆ. ಹ್ಯಾಲೋಜನ್ ದೀಪದ ಕಾದ ತಂತುವು ಯಂತ್ರದ ಕುಲುಕಾಟಕ್ಕೆ ಬೇಗ ಕಡಿಯುತ್ತದೆ. ಅಧಿಕ ಒತ್ತಡದ ವಿಸರ್ಜನ ದೀಪದಲ್ಲಿ ತಂತುವಿಲ್ಲ, ಬೆಳಕೂ ಹೆಚ್ಚು. ಆದರೆ ಸಾಮಾನ್ಯವಾಗಿ ಅದು ಆರಿದ ಮೇಲೆ ತಣ್ಣಗಾಗಿ ಮತ್ತೆ ಹೊತ್ತಿಕೊಳ್ಳಲು ಕೆಲವು ನಿಮಿಷ ಬೇಕು. ಕಗ್ಗತ್ತಲೆಯಲ್ಲಿ ಆ ನಿಮಿಷಗಳು ಸಣ್ಣವಲ್ಲ. ಎಲ್‌ಇಡಿಯಲ್ಲಿಯೂ ತಂತುವಿಲ್ಲ, ಅದು ಕ್ಷಣದಲ್ಲಿ ಹೊತ್ತುವುದು, ವಿದ್ಯುತ್ತನ್ನೂ ಮಿತವಾಗಿ ಬಳಸುವುದು.

ಇಷ್ಟರಿಂದ ಎಲ್‌ಇಡಿಯೇ ಸರ್ವತ್ರ ಶ್ರೇಷ್ಠವೆಂದು ತೀರ್ಮಾನಿಸುವುದು ಅವಸರವಾದೀತು. ಅದರ ಶತ್ರು ಶಾಖ. ಕೋಲಾರದ ಅತ್ಯಾಳದ ಭಾಗಗಳಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಂಟಿಗ್ರೇಡನ್ನು ಮೀರಿತ್ತು. ಸುತ್ತಲಿನ ಬಿಸಿಯೊಡನೆ ಇಂಜಿನಿನ ಬಿಸಿಯೂ ಸೇರಿದಾಗ, ಶಾಖವನ್ನು ಹೊರಹಾಕುವ ಲೋಹದ ರೆಕ್ಕೆಗಳು ಧೂಳಿನಿಂದ ಮುಚ್ಚಿದರೆ ಎಲ್‌ಇಡಿಯ ಬೆಳಕು ಬೇಗ ಕುಂದುತ್ತದೆ. ಅದಕ್ಕೆ ವಿದ್ಯುತ್ತನ್ನು ಅಳವಡಿಸಿ ಕೊಡುವ ಉಪಕರಣವು ಇನ್ನೂ ಮೊದಲೇ ಕೆಡಬಹುದು. ಆದುದರಿಂದ ಜಾಹೀರಾತಿನಲ್ಲಿ ಹೇಳಿದ ಆಯುಸ್ಸು ಎಷ್ಟು ಉಷ್ಣತೆಯಲ್ಲಿ ಅಳೆದದ್ದೆಂಬುದನ್ನು ಕೇಳಲೇಬೇಕು.

ಕಡೆಯದಾಗಿ ಕಣ್ಣು ಕೋರೈಸುವಿಕೆ. ಒದ್ದೆ ಬಂಡೆಯಿಂದಲೂ ಗಾಳಿಯಲ್ಲಿ ತೇಲುವ ಧೂಳಿನಿಂದಲೂ ಪ್ರತಿಫಲಿಸುವ ತೀಕ್ಷ್ಣ ಬೆಳಕು ಚಾಲಕನನ್ನೂ, ಎದುರು ಬರುವವನನ್ನೂ ಒಂದು ಗಳಿಗೆ ಕುರುಡಾಗಿಸುತ್ತದೆ. ಆಗ ಹೆಚ್ಚು ಬೆಳಕೇ ಕಡಿಮೆ ನೋಟಕ್ಕೆ ಕಾರಣವಾಗುತ್ತದೆ. ಮುಂಭಾಗದ ಒಂದೇ ಪ್ರಖರ ದೀಪಕ್ಕಿಂತ, ಯಂತ್ರದ ಇಕ್ಕೆಲಗಳಿಗೂ ಹಿಂಬದಿಗೂ ಹಂಚಿದ ಹದವಾದ ಬೆಳಕು ಲೇಸು.

ಖರೀದಿಯ ಬೆಲೆ ಲೆಕ್ಕದ ಒಂದು ಅಂಕಣ ಮಾತ್ರ. ದೀಪ ಕೆಟ್ಟು ಯಂತ್ರ ನಿಂತ ಗಂಟೆಗಳನ್ನು ಇನ್ನೊಂದು ಅಂಕಣದಲ್ಲಿ ಬರೆಯಬಹುದು. ಕತ್ತಲೆಯಲ್ಲಿ ಕಾಣದೆಹೋದ ಮನುಷ್ಯನನ್ನು ಬರೆಯಲು ಯಾವ ಅಂಕಣವೂ ಇಲ್ಲ. ದೀಪವನ್ನು ಆರಿಸುವವನು ಮೊದಲು ನೆನೆಯಬೇಕಾದುದು ಅವನನ್ನೇ.