ಸೊಪ್ಪಿನ ವಾಸನೆಗೆ ಹುಳ ಹೆದರುತ್ತದೆಯೇ?

ತಪ್ಪು ಕಲ್ಪನೆ: ಘಾಟು ವಾಸನೆಯ ಗಿಡ ನೆಟ್ಟರೆ ತೋಟಕ್ಕೆ ಕೀಟವೇ ಬರುವುದಿಲ್ಲ.

ಸತ್ಯ: ಒಂದು ಕೀಟವನ್ನು ಓಡಿಸುವ ವಾಸನೆಯೇ ಇನ್ನೊಂದನ್ನು ಕರೆತರಬಹುದು. ಬಿಹಾರದ ಪೂಸಾದಲ್ಲಿದ್ದ ಕೀಟತಜ್ಞ ಎಫ್. ಎಂ. ಹೌಲೆಟ್ ಇದನ್ನು ನೂರು ವರ್ಷಗಳ ಹಿಂದೆಯೇ ತೋರಿಸಿಕೊಟ್ಟರು. ಸೊಳ್ಳೆ ಬಾರದಿರಲೆಂದು ಜನ ಬಳಸುತ್ತಿದ್ದ ಸಿಟ್ರೊನೆಲ್ಲಾ ಹುಲ್ಲಿನ ಎಣ್ಣೆಗೆ ಗಂಡು ಹಣ್ಣುನೊಣಗಳು ಮುತ್ತುತ್ತವೆ ಎಂದು ಅವರು 1912ರಲ್ಲಿ ಬರೆದರು. ಸೆಳೆಯುವ ವಸ್ತು ಮೀಥೈಲ್ ಯೂಜಿನಾಲ್ ಎಂಬುದು 1915ರ ಹೊತ್ತಿಗೆ ಗೊತ್ತಾಯಿತು. ನಮ್ಮ ಅಂಗಳದ ತುಳಸಿಯ ಹಲವು ಬಗೆಗಳಲ್ಲೂ ಅದೇ ವಸ್ತುವಿದೆ. ಮಾವಿನ ಹಣ್ಣುನೊಣಕ್ಕೆ ತುಳಸಿ ಆಮಂತ್ರಣವೇ ಹೊರತು ತಡೆಯಲ್ಲ.

ತಪ್ಪು ಕಲ್ಪನೆ: ವಾಸನೆಯಿಂದ ನೊಣ ಸೆಳೆಯುವ ಮೋಹಕ ಬಲೆ ಯಾವುದಾದರೂ ಆದೀತು.

ಸತ್ಯ: ಇಲ್ಲಿ ರೈತರ ದುಡ್ಡು ಸುಮ್ಮನೆ ಹೋಗುತ್ತಿದೆ ಎಂಬುದೇ ನನ್ನ ಸಂಕಟ. ಮೀಥೈಲ್ ಯೂಜಿನಾಲ್ ಬಲೆ ಮಾವಿನ ನೊಣಕ್ಕೆ ಸರಿ. ಬ್ರಹ್ಮಾವರದ ಹಿತ್ತಿಲಿನ ಹೀರೆ, ಹಾಗಲ, ಸೌತೆಯನ್ನೂ ಬೈಂದೂರು ಕಡೆಯ ಕಲ್ಲಂಗಡಿಯನ್ನೂ ಕೊಳೆಸುವ ನೊಣವೇ ಬೇರೆ. ಅದು ಆ ವಾಸನೆಗೆ ತಿರುಗಿಯೂ ನೋಡದು. ಅದಕ್ಕೆ ಕ್ಯೂ ಲ್ಯೂರ್ ಎಂಬ ಬೇರೆ ಮೋಹಕ ವಸ್ತುವಿನ ಬಲೆ ಬೇಕು. ಎರಡೂ ಬಲೆಗೆ ಬೀಳುವುದು ಗಂಡು ನೊಣ ಮಾತ್ರ. ಕಾಯಿ ಚುಚ್ಚಿ ಮೊಟ್ಟೆ ಇಡುವುದು ಹೆಣ್ಣು. ಆದ್ದರಿಂದ ಉದುರಿದ, ಕೊಳೆತ ಕಾಯಿಗಳನ್ನು ಹೆಕ್ಕಿ ಆಳವಾಗಿ ಹೂಳದಿದ್ದರೆ ಬಲೆ ಕಟ್ಟಿ ಹೆಚ್ಚು ಪ್ರಯೋಜನವಿಲ್ಲ.

ತಪ್ಪು ಕಲ್ಪನೆ: ಗದ್ದೆಗೆ ಊರಿದ ಕಾಸರಕನ ಗೆಲ್ಲಿನ ವಾಸನೆಗೆ ಹುಳ ಓಡುತ್ತದೆ.

ಸತ್ಯ: ಕಾಸರಕನ ವಿಷವಿರುವುದು ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ಕಹಿ ವಸ್ತುಗಳಲ್ಲಿ. ಅವು ಆವಿಯಾಗಿ ಗಾಳಿಗೆ ಸೇರುವುದಿಲ್ಲ. ಎಲೆ ಕಚ್ಚದ ಹುಳಕ್ಕೆ ಅವುಗಳ ಗೊಡವೆಯೇ ಇಲ್ಲ. ಆದರೂ ಊರಿದ ಗೆಲ್ಲು ವ್ಯರ್ಥವಲ್ಲ, ಅದರ ಮೇಲೆ ಕಾಜಾಣ ಕೂತು ಹುಳ ಹಿಡಿಯುತ್ತದೆ. ವಾಸನೆಯ ನಿಜವಾದ ಕೆಲಸವನ್ನು ಭತ್ತದ ಗಿಡವೇ ಮಾಡುತ್ತದೆ: ಕಂದು ಜಿಗಿಹುಳು ರಸ ಹೀರಿದಾಗ ಗಿಡ ಬಿಡುವ ವಾಸನೆ ಹಿಡಿದು, ಆ ಹುಳದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುವ ಸಣ್ಣ ಕಣಜ ಬರುತ್ತದೆ. ಅವಸರಪಟ್ಟು ವಿಷ ಹೊಡೆದರೆ ಮೊದಲು ಸಾಯುವುದು ಇಂಥ ಕಣಜಗಳೇ.

ತಪ್ಪು ಕಲ್ಪನೆ: ಕೆಂಪು ಮೂತಿ ಹುಳು ಕಂಡಕಂಡ ತೆಂಗಿಗೆಲ್ಲ ಬೀಳುತ್ತದೆ.

ಸತ್ಯ: ಅದನ್ನು ಕರೆಯುವುದು ಗಾಯದಿಂದ ಹೊರಡುವ ರಸದ ವಾಸನೆ. ಮರ ಹತ್ತಲು ಕಡಿದ ಕಚ್ಚು, ಬುಡಕ್ಕೇ ಕಡಿದ ಹಸಿ ಮಡಲು, ಕುರುವಾಯಿ ದುಂಬಿ ಕೊರೆದ ತೂತು, ಎಲ್ಲವೂ ಅದಕ್ಕೆ ದಾರಿ. ಹಸಿ ಮಡಲು ಕಡಿಯಲೇಬೇಕಾದರೆ ಕಾಂಡದಿಂದ 3–4 ಅಡಿ ಬಿಟ್ಟು ಕಡಿಯಿರಿ; ಗಾಯಕ್ಕೆ ಟಾರು ಬಳಿಯಿರಿ.

ಹಿರಿಯರು ಧಾನ್ಯದ ನಡುವೆ ಲಕ್ಕಿ ಸೊಪ್ಪು ಇಡುತ್ತಿದ್ದುದು ತಪ್ಪೇ? ಅಲ್ಲ. ಮುಚ್ಚಿದ ಜಾಗದಲ್ಲಿ ವಾಸನೆ ನಿಲ್ಲುತ್ತದೆ. ಕಡಲ ಗಾಳಿ ಬೀಸುವ, ಜಡಿಮಳೆ ಹೊಡೆಯುವ ಬಯಲಿನಲ್ಲಿ ನಿಲ್ಲದು.

ಬಲೆ ಕೊಳ್ಳುವ ಮೊದಲು ಹುಳ ಬಿದ್ದ ಕಾಯಿಯನ್ನೇ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ, ಯಾವ ಕೀಟ ಎಂದು ಕೇಳಿ ತಿಳಿದುಕೊಳ್ಳಿ.